ಕುಂದಗೋಳದ ವಾಡೆ, ಕಿರಾಣಾದ ದನಿ

ಹುಬ್ಬಳ್ಳಿಯಿಂದ ಬೆಂಗಳೂರಿನ ದಾರಿ ಹಿಡಿದ ರೈಲಿಗೆ ಕುಂದಗೋಳ ಬಹಳ ದೂರವಲ್ಲ, ಇಪ್ಪತ್ತು ಕಿಲೋಮೀಟರಿನಷ್ಟು. ನಿಲ್ದಾಣದ ಆಚೆ ಈಚೆ ಎರೆಹೊಲ. ಹತ್ತಿ, ಶೇಂಗಾ, ಮೆಣಸಿನಕಾಯಿ ಬೆಳೆಯುವ ನೆಲ. ಊರೊಳಗೆ ಚಾಲುಕ್ಯ ಶೈಲಿಯ ಶಂಭುಲಿಂಗ ದೇವಸ್ಥಾನವಿದೆ. ಸುತ್ತಲಿನ ಹಳ್ಳಿಗಳನ್ನು ಬ್ರಿಟಿಷರು ಆಳುತ್ತಿದ್ದಾಗಲೂ ಈ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು.

ಇಷ್ಟಿದ್ದೂ ಕುಂದಗೋಳವನ್ನು ದೇಶಕ್ಕೆ ಪರಿಚಯಿಸಿದ್ದು ನಾಡಿಗೇರ ವಾಡೆ.

ಸಂಗೀತವೆಂದರೆ ಜೀವ ಬಿಡುತ್ತಿದ್ದ ರಂಗನಗೌಡ ನಾಡಿಗೇರರ ಈ ಮನೆಗೆ ಹಿಂದುಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಬಂದು ಇಳಿದುಕೊಳ್ಳುತ್ತಿದ್ದರು. ಅದೇ ಊರಿನಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ಸಂಶಿ ಖಾನ್‌ಸಾಹೇಬರ ಶಿಷ್ಯರಾದರು. ಮುಂದೆ ಮರಾಠಿ ರಂಗಭೂಮಿಯಲ್ಲಿ ಹಾಡಿ, ಸ್ತ್ರೀಪಾತ್ರ ಮಾಡಿ, ಸವಾಯಿ ಗಂಧರ್ವರೆಂದು ಹೆಸರಾದರು.

ನಾಟಕದ ತಿರುಗಾಟ ಮುಗಿಸಿ ಅವರು ಊರಿಗೆ ಮರಳಿದ ಮೇಲೆ ಶಿಷ್ಯರು ಕುಂದಗೋಳಕ್ಕೇ ಬಂದರು. ಗದಗ ಕಡೆಯ ಹುಡುಗ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅವರನ್ನು ನಿಲ್ದಾಣದವರೆಗೆ ಕಳಿಸಿಬರುವ ಕೆಲಸ ಭೀಮಸೇನರದು. ಮುಂದೊಂದು ದಿನ ಒಬ್ಬರು ಭಾರತ ರತ್ನ, ಇನ್ನೊಬ್ಬರು ಪದ್ಮವಿಭೂಷಣ. ಅಂದು ಮಾತ್ರ ಕತ್ತಲ ಹಾದಿಯಲ್ಲಿ ರೈಲಿನ ಹೊತ್ತು ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದ ಒಂದೇ ಗುರುವಿನ ಇಬ್ಬರು ಮಕ್ಕಳು.

ಗುರುಗಳದು ಗಟ್ಟಿ ತಾಲೀಮು. ಒಂದೇ ಪಲುಕನ್ನು ಸ್ವರ ಕೂಡುವ ತನಕ ಮತ್ತೆ ಮತ್ತೆ ಹೇಳಿಸುತ್ತಿದ್ದರು. ರಾಗವನ್ನು ಅವಸರವಿಲ್ಲದೆ, ಒಂದೊಂದೇ ಸ್ವರ ಹಿಡಿದು ಬೆಳೆಸುವ ಕಿರಾಣಾದ ನಡೆ ಶಿಷ್ಯರಿಗೆ ಒಲಿದದ್ದು ಹಾಗೆ. ಇಬ್ಬರ ಕಂಠವೂ ಬೇರೆ, ಗಾಯನದ ರೀತಿಯೂ ಬೇರೆ. ಆದರೆ ಸ್ವರದ ಮೇಲಿನ ನಿಷ್ಠೆ ಒಂದೇ.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಭೀಮಸೇನರು ಪುಣೆಯಲ್ಲಿ ನಡೆಸಿದ ಉತ್ಸವ ದೇಶದ ದೊಡ್ಡ ಸಂಗೀತ ಸಮಾರಂಭವಾಗಿ ಬೆಳೆಯಿತು. ಅವರ ನೆನಪಿಗೆ ಕುಂದಗೋಳದಲ್ಲೂ ಉತ್ಸವ ನಡೆಯುತ್ತದೆ. ಅದಕ್ಕೆ ಅಂಥ ಭಾರೀ ಮಂಟಪವಿಲ್ಲ. ವಾಡೆಯ ಮರದ ಕಂಬಗಳ ನಡುವೆ ಜಮಖಾನ ಹಾಸಿ, ಹಾಡುವವರ ಎದುರಿಗೇ ಕೂತು, ಊರವರು ರಾತ್ರಿಯಿಡೀ ಕೇಳುತ್ತಾರೆ. ಹೊಲದಿಂದ ಬಂದ ರೈತನೂ ಪೇಟೆಯ ರಸಿಕನೂ ಅಕ್ಕಪಕ್ಕ.

ಆ ಗೋಡೆ, ಆ ಕಂಬ ಉಳಿಯಬೇಕು. ರಾತ್ರಿಯಿಡೀ ಕೂತು ಕೇಳುವ ಪದ್ಧತಿಯೂ ಉಳಿಯಬೇಕು. ಹುಬ್ಬಳ್ಳಿ-ಧಾರವಾಡದವರು ಮುಂದಿನ ಉತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಕುಂದಗೋಳಕ್ಕೆ ಹೋಗಿಬರಲಿ.