ಎಳೆಯರ ಅಳತೆಗೆ ಇಳಿದ ಲಾನ್ ಟೆನಿಸ್

ನಮ್ಮ ಹಳ್ಳಿಯ ಮಕ್ಕಳಿಗೆ ಟೆನಿಸ್ ಚೆಂಡು ಹೊಸದಲ್ಲ. ಅದರಲ್ಲಿ ಕ್ರಿಕೆಟ್ ಆಡದವರೇ ಇಲ್ಲ. ಆದರೆ ಆ ಚೆಂಡು ಯಾವ ಆಟಕ್ಕಾಗಿ ಹುಟ್ಟಿತೋ ಆ ಆಟ ನಮ್ಮಂಥವರದಲ್ಲ ಎಂಬ ಭಾವನೆ ಬೇರೂರಿದೆ. ಇದಕ್ಕೆ ಹಣದ ಕೊರತೆಯ ಜೊತೆಗೆ ಆಟವನ್ನು ಕಲಿಸುತ್ತಿದ್ದ ರೀತಿಯೂ ಕಾರಣ.

ಲಾನ್ ಟೆನಿಸ್ ದೊಡ್ಡವರ, ಅದರಲ್ಲೂ ಸಿರಿವಂತರ ಆಟವಾಗಿ ಬೆಳೆಯಿತು. 1874ರಲ್ಲಿ ಇಂಗ್ಲೆಂಡಿನ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಇದಕ್ಕೆ ಪೇಟೆಂಟ್ ಪಡೆದು, ರ‍್ಯಾಕೆಟ್, ಚೆಂಡು, ಬಲೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದರು. 1877ರಲ್ಲಿ ವಿಂಬಲ್ಡನ್ ಪಂದ್ಯಾವಳಿ ಆರಂಭವಾಯಿತು. ಅಂದು ಗೊತ್ತುಮಾಡಿದ 78 ಅಡಿ ಉದ್ದದ ಅಂಕಣವೇ ಇಂದಿಗೂ ಇದೆ. ಇಂಥ ಅಂಕಣದಲ್ಲಿ ಎಂಟು ವರ್ಷದ ಮಗುವನ್ನು ನಿಲ್ಲಿಸಿದರೆ ಪುಟಿದ ಚೆಂಡು ಅದರ ತಲೆಯ ಮೇಲೆ ಹೋಗುತ್ತದೆ. ದೊಡ್ಡವರ ರ‍್ಯಾಕೆಟ್ ಕೈಗೆ ಭಾರ. ಮಕ್ಕಳು ಆಡಿದ್ದಕ್ಕಿಂತ ಚೆಂಡು ಹೆಕ್ಕಿದ್ದೇ ಹೆಚ್ಚು.

ಕೆಲವರು ತಮ್ಮದೇ ದಾರಿ ಕಂಡುಕೊಂಡರು. ಆಸ್ಟ್ರೇಲಿಯಾದ ಬ್ಯಾರೆಲನ್ ಎಂಬ ಸಣ್ಣ ಊರಿನ ಇವೋನ್ ಗೂಲಗಾಂಗ್ ಮೂಲನಿವಾಸಿ ಸಮುದಾಯದವರು; ತಂದೆ ಕುರಿಯ ಉಣ್ಣೆ ಕತ್ತರಿಸುವ ಕೆಲಸದವರು. ಆಕೆಯ ಮೊದಲ ರ‍್ಯಾಕೆಟ್ ಹಣ್ಣಿನ ಪೆಟ್ಟಿಗೆಯ ಹಲಗೆ. ಬೇಲಿಯಾಚೆಯಿಂದ ಆಟ ನೋಡುತ್ತಿದ್ದ ಹುಡುಗಿಯನ್ನು ಊರಿನವರೊಬ್ಬರು ಒಳಗೆ ಕರೆದು ಆಡಲು ಹುರಿದುಂಬಿಸಿದರು. 1971ರಲ್ಲಿ, 19ನೇ ವಯಸ್ಸಿನಲ್ಲಿ, ಆಕೆ ವಿಂಬಲ್ಡನ್ ಗೆದ್ದರು. ಅಮೆರಿಕದ ಕ್ರಿಸ್ ಎವರ್ಟ್ ಬಾಲ್ಯದಲ್ಲಿ ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವಷ್ಟು ಶಕ್ತಿಯಿಲ್ಲದೆ ಎರಡೂ ಕೈ ಹಿಡಿದರು. ಅದೇ ಮುಂದೆ ಅವರ ಬಲವಾಯಿತು.

ಆಟದ ಆಡಳಿತಕ್ಕೆ ಈ ತಿಳಿವು ತಡವಾಗಿ ಬಂತು. 2007ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವು ಮೊದಲ ದಿನದಿಂದಲೇ ಕಲಿಯುವವರನ್ನು ಆಡಿಸಬೇಕೆಂಬ ಅಭಿಯಾನ ಹೂಡಿತು. 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ನಿಧಾನದ ಚೆಂಡು ಕಡ್ಡಾಯವಾಯಿತು. ಕೆಂಪು ಚೆಂಡಿಗೆ ಸುಮಾರು 36 ಅಡಿಯ ಅಂಕಣ, ಕಿತ್ತಳೆಗೆ 60 ಅಡಿ, ಹಸಿರಿಗೆ ಪೂರ್ಣ ಅಂಕಣ. ಮಗು ಬೆಳೆದಂತೆ ಅಂಕಣವೂ ಬೆಳೆಯುತ್ತದೆ.

ಕೊಡಗಿನ ಕಾಫಿ ಬೆಳೆಗಾರರ ಮಗ ರೋಹನ್ ಬೋಪಣ್ಣ 11ನೇ ವಯಸ್ಸಿನಲ್ಲಿ ಟೆನಿಸ್ ಆರಂಭಿಸಿ, 2024ರಲ್ಲಿ ತಮ್ಮ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಎಲ್ಲರೂ ಬೋಪಣ್ಣ ಆಗಬೇಕಿಲ್ಲ. ಆಡುವ ಅವಕಾಶವಂತೂ ಎಲ್ಲರಿಗೂ ಸಿಗಬೇಕು.

ಅದಕ್ಕೆ ಹುಲ್ಲಿನ ಅಂಕಣ ಬೇಕಿಲ್ಲ. ವಾಲಿಬಾಲ್ ಕಂಬಗಳಿಗೆ ಸೊಂಟದೆತ್ತರದಲ್ಲಿ ಒಂದು ಹಗ್ಗ, ಸುಣ್ಣದ ಗೆರೆ, ಪುಟಿತ ಕಡಿಮೆಯಾದ ಹಳೆಯ ಚೆಂಡು ಸಾಕು. ಮೊದಲು ಒಮ್ಮೆ ಪುಟಿದ ಚೆಂಡನ್ನು ಕೈಯಲ್ಲಿ ಹಿಡಿಯುವುದು, ಬಳಿಕ ಅಂಗೈಯಿಂದ ಹೊಡೆಯುವುದು, ಆಮೇಲೆ ಸಣ್ಣ ರ‍್ಯಾಕೆಟ್. ಇಬ್ಬರು ಮಕ್ಕಳು ಹತ್ತು ಸಲ ಚೆಂಡು ದಾಟಿಸಿದರೆ ಅದೇ ಮೊದಲ ಗೆಲುವು. ಐವತ್ತು ತುಂಬಿದ ನಮ್ಮ ಶಾಲೆಯ ಮೈದಾನಕ್ಕೆ ಹಳೆಯ ವಿದ್ಯಾರ್ಥಿಗಳು ಕೊಡಬಹುದಾದ ಕಾಣಿಕೆಗಳಲ್ಲಿ ಹತ್ತು ಸಣ್ಣ ರ‍್ಯಾಕೆಟ್‌ಗಳೂ ಸೇರಲಿ.