ಉತ್ಕರ್ಷಣ ಒತ್ತಡ: ವಸಡು, ಸಕ್ಕರೆ ಕಾಯಿಲೆ ಮತ್ತು ಕಾಡುನೆಲ್ಲಿ

ಆಮ್ಲಜನಕದಿಂದ ಹುಟ್ಟುವ ಅತಿಚುರುಕಿನ ಕಣಗಳು ದೇಹದ ಉತ್ಕರ್ಷಣ ನಿರೋಧಕಗಳ (ಆಂಟಿಆಕ್ಸಿಡೆಂಟ್) ಹಿಡಿತ ಮೀರಿ ಹೆಚ್ಚುವುದೇ ಉತ್ಕರ್ಷಣ ಒತ್ತಡ. ಜೀವಕೋಶದೊಳಗಿನ ಇಂಥ ಕಣವಾದ ಸೂಪರ್‌ಆಕ್ಸೈಡನ್ನು ನಿವಾರಿಸುವ ಕಿಣ್ವವನ್ನು ಅಮೆರಿಕದ ಜೋ ಮೆಕ್‌ಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ 1969ರಲ್ಲಿ ಗುರುತಿಸಿದರು. ಉತ್ಕರ್ಷಣ ಒತ್ತಡ ಎಂಬ ಹೆಸರು ರೂಢಿಗೆ ಬಂದದ್ದು ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಅದೇ ಶೀರ್ಷಿಕೆಯ ಗ್ರಂಥ ಹೊರತಂದ ಮೇಲೆ.

ವಸಡಿಗೂ ಈ ಒತ್ತಡಕ್ಕೂ ನೇರ ನಂಟಿದೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದಾಗ ಬಿಳಿರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಸೂಪರ್‌ಆಕ್ಸೈಡ್ ಬಿಡುಗಡೆ ಮಾಡುತ್ತವೆ. ಅದು ಅಳತೆ ಮೀರಿದರೆ ವಸಡಿನ ಅಂಗಾಂಶವೇ ಹಾಳಾಗಿ, ಹಲ್ಲು ಹಿಡಿದ ಮೂಳೆ ಕರಗುತ್ತಾ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಮೈಟೊಕಾಂಡ್ರಿಯಗಳೂ ಅದೇ ಸೂಪರ್‌ಆಕ್ಸೈಡನ್ನು ಹೆಚ್ಚು ಹೊರಡಿಸುತ್ತವೆ. ಮಧುಮೇಹದ ತೊಡಕುಗಳಿಗೆಲ್ಲ ಇದೇ ಸಮಾನ ಮೂಲವೆಂದು ಸಂಶೋಧಕ ಮೈಕೆಲ್ ಬ್ರೌನ್‌ಲೀ 2001ರಲ್ಲಿ ವಾದಿಸಿದರು. ಅದಕ್ಕೂ ಮುಂಚೆ, 1993ರಲ್ಲಿ, ದಂತತಜ್ಞ ಹ್ಯಾರಲ್ಡ್ ಲೋ ವಸಡುರೋಗವನ್ನು ಮಧುಮೇಹದ ಆರನೆಯ ತೊಡಕು ಎಂದು ಕರೆದಿದ್ದರು. ನಂಟು ಎರಡೂ ಕಡೆಯದು: ಸಕ್ಕರೆ ಏರಿದರೆ ವಸಡು ಕೆಡುತ್ತದೆ, ಕೆಟ್ಟ ವಸಡಿನ ಉರಿಯೂತ ಸಕ್ಕರೆಯನ್ನು ಹತೋಟಿ ತಪ್ಪಿಸುತ್ತದೆ.

ಉತ್ಕರ್ಷಣ ನಿರೋಧಕ ಎಂದೊಡನೆ ನಮ್ಮಲ್ಲಿ ನೆನಪಾಗುವುದು ನೆಲ್ಲಿಕಾಯಿ. 1936ರಲ್ಲಿ ಮದರಾಸು ವಿಶ್ವವಿದ್ಯಾಲಯದ ಎಂ. ದಾಮೋದರನ್ ಮತ್ತು ಕೆ. ಆರ್. ನಾಯರ್, ನೆಲ್ಲಿಯ ಒಗರಿನಲ್ಲಿರುವ ಟ್ಯಾನಿನ್ ಸಿ ಜೀವಸತ್ವವನ್ನು ಕೆಡದಂತೆ ಕಾಯುತ್ತದೆ ಎಂದು ಪ್ರಕಟಿಸಿದರು. ನೆಲ್ಲಿಯ ಖ್ಯಾತಿ ಮಾತ್ರ ಲೆಕ್ಕಕ್ಕಿಂತ ಮುಂದೆ ಓಡಿತು. 1971ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಕಾಯಿಗೆ 600 ಮಿಲಿಗ್ರಾಂ ಸಿ ಜೀವಸತ್ವ ಎಂದಿದ್ದದ್ದು, 2017ರ ಕೋಷ್ಟಕದಲ್ಲಿ 250ರ ಆಸುಪಾಸಿಗೆ ಇಳಿಯಿತು. ಇಳಿದರೂ ಕಿತ್ತಳೆ ಅದರ ಹತ್ತಿರ ಸುಳಿಯದು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ಮತ್ತು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಎಲೆಯುದುರುವ ಕಾಡುಗಳಲ್ಲಿ ನೆಲ್ಲಿ ಹೇರಳ. ಜೇನು, ಪಾಸೆ, ಅಳಲೆ, ಸೀಗೆಗಳ ಜೊತೆ ಅದನ್ನು ಅಲ್ಲಿನ ಆದಿವಾಸಿಗಳಾದ ಸೋಲಿಗರು ಕುಯ್ದು ತಮ್ಮ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಕೊಡುತ್ತಿದ್ದರು. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬಿಳಿಗಿರಿರಂಗನ ಬೆಟ್ಟದಲ್ಲಿ ಆಸ್ಪತ್ರೆ, ಶಾಲೆಗಳನ್ನಷ್ಟೇ ಅಲ್ಲದೆ, ಕಿರು ಅರಣ್ಯ ಉತ್ಪನ್ನವನ್ನು ಸ್ಥಳದಲ್ಲೇ ಸಂಸ್ಕರಿಸುವ ಕೆಲಸವನ್ನೂ ಕೈಗೊಂಡಿತು. ನೆಲ್ಲಿ ಉಪ್ಪಿನಕಾಯಿಯಾಗಿ ಪೇಟೆಗೆ ಹೋಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಅಭಯಾರಣ್ಯದಿಂದ ಮಾರಾಟಕ್ಕೆ ಕಾಯಿ ತರುವುದನ್ನು ತಡೆಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆತದ್ದು 2011ರಲ್ಲಿ. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾದದ್ದೂ ಅದೇ ವರ್ಷ.

ನೆಲ್ಲಿ ಮರಗಳಿಗೂ ಒಂದು ಪಿಡುಗಿದೆ. ಸೋಲಿಗರು ಉಪ್ಪಿಲು ಎನ್ನುವ ಬಂದಳಿಕೆ ನೆಲ್ಲಿಯ ಕೊಂಬೆಗಳನ್ನು ಹೀರಿ ಒಣಗಿಸುತ್ತದೆ. ಹಿಂದೆ ಬೇಸಿಗೆಯ ಮೊದಲಲ್ಲೇ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಅದು ಹಬ್ಬಿತೆಂಬುದು ಅವರ ಮಾತು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅರಿವನ್ನು ಗಂಭೀರವಾಗಿ ತೂಗಿ ನೋಡಿತು. ಕಾಯಿಯ ಗುಣ ಹೊಗಳುವ ಜಾಹೀರಾತುಗಳಲ್ಲಿ ಮರದ ಈ ಪಾಡಿಗೆ ಜಾಗವಿಲ್ಲ.

ಉತ್ಕರ್ಷಣ ನಿರೋಧಕ ಗುಳಿಗೆಗಳ ಇತಿಹಾಸ ಬೇರೆಯೇ ಆಗಿದೆ. ಫಿನ್ಲೆಂಡಿನ 29,133 ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಿತು. ಮಧುಮೇಹಿಗಳೂ ಇದ್ದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ, 2000ದಲ್ಲಿ, ಇ ಜೀವಸತ್ವದಿಂದ ಹೃದಯಕ್ಕೆ ಲಾಭ ಕಾಣಲಿಲ್ಲ. ರಸಾಯನಶಾಸ್ತ್ರ ಸರಿಯಿದ್ದ ಮಾತ್ರಕ್ಕೆ ಮದ್ದು ಫಲಿಸಬೇಕೆಂದಿಲ್ಲ. ಹಾಗಾಗಿ ನೆಲ್ಲಿಕಾಯಿ ಊಟದ ಎಲೆಯಲ್ಲಿರಲಿ. ಮಧುಮೇಹದ ಔಷಧಿಯ ಜಾಗಕ್ಕೆ ಅದು ಬರಲಾರದು.

ವಸಡಿನ ಚಿಕಿತ್ಸೆ ಈಗಲೂ ಹಳೆಯದೇ: ಹಲ್ಲಿನ ಬುಡದ ಗಾರೆ ಕೆರೆದು ತೆಗೆಯುವುದು, ದಿನವೂ ಉಜ್ಜುವುದು, ಹೊಗೆಸೊಪ್ಪು ಬಿಡುವುದು. ಮಧುಮೇಹಿಗಳಲ್ಲಿ ವಸಡನ್ನು ಹೀಗೆ ಶುಚಿ ಮಾಡಿದ ಮೂರು-ನಾಲ್ಕು ತಿಂಗಳಲ್ಲಿ ರಕ್ತದ ಸಕ್ಕರೆಯ ಸೂಚಕವಾದ ಎಚ್‌ಬಿಎ1ಸಿ ಸರಾಸರಿ 0.4 ಶೇಕಡಾಂಶದಷ್ಟು ಇಳಿಯುತ್ತದೆಂದು 2022ರ ಕಾಕ್ರೇನ್ ಪರಿಶೀಲನೆ ಲೆಕ್ಕ ಹಾಕಿದೆ.