ಕೋಲಾರದ ನೀರು, ಮೈಯೊಳಗಿನ ಸುಣ್ಣ

ಶ್ರೀನಿವಾಸಪುರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಹೇಳಿ ರಿಟೈರಾದವನು ನಾನು. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳಿರುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಿದ್ದರು. ‘ಹಲ್ಲು ಉಜ್ಜಲ್ವೇನೋ?’ ಎಂದು ಗದರುವ ಮೇಷ್ಟ್ರುಗಳೂ ಇದ್ದರು. ಉಜ್ಜಿದರೆ ಹೋಗುವ ಕಲೆಯಲ್ಲ ಅದು. ದವಡೆಯೊಳಗೆ ಹಲ್ಲು ಕಟ್ಟುತ್ತಿರುವಾಗಲೇ ಫ್ಲೋರೈಡ್ ಮಾಡಿಟ್ಟ ಕೆಲಸ.

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಮಾರ್ಕಂಡೇಯ, ದಕ್ಷಿಣ ಪಿನಾಕಿನಿ, ಎಲ್ಲವೂ ಮಳೆ ಬಂದರೆ ಉಂಟು. ಅದಕ್ಕೇ ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸಾಲು ಸಾಲು ಕೆರೆ ಕಟ್ಟಿದರು. ಕೆರೆ ಹಿಂದೆ ಬಾವಿ, ಬಾವಿಗೆ ಕಪಿಲೆ. ತೂಬು ಎತ್ತುವುದು, ಇಳಿಸುವುದು ನೀರುಗಂಟಿಯ ಕೆಲಸ. 1970ರ ದಶಕದಿಂದೀಚೆಗೆ ಬೋರ್‌ವೆಲ್ ಕೈಗೆ ಸಿಕ್ಕಿತು; ಕೆರೆಯಲ್ಲಿ ಹೂಳು ನಿಂತಿತು, ಬಾವಿಗೆ ಕಸ ಬಿತ್ತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ನೀರು ಹುಡುಕಿಕೊಂಡು ಇಳಿಯುತ್ತಾ ಇಳಿಯುತ್ತಾ ಸಾವಿರ ಅಡಿ ದಾಟಿದೆವು.

ಅಲ್ಲಿರುವುದು ಗ್ರಾನೈಟ್, ನೈಸ್ ಬಂಡೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಬಂಡೆಯ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಸುಣ್ಣ ಕಡಿಮೆಯಾದಲ್ಲಿ ಫ್ಲೋರೈಡ್ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೇಲ್ಮಿತಿ. ಅದನ್ನು ಮೀರಿದ ಬೋರ್‌ವೆಲ್‌ಗಳು ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಎಲ್ಲ ಕಡೆಯೂ ಇವೆ.

ನೀರಿನ ಸುಣ್ಣಕ್ಕೂ ಜೀವಕ್ಕೂ ಇರುವ ನಂಟು ಪತ್ತೆಯಾದದ್ದೇ ಒಂದು ಎಡವಟ್ಟಿನಿಂದ. ಲಂಡನ್ನಿನ ಸಿಡ್ನಿ ರಿಂಗರ್ ಉಪ್ಪು ಬೆರೆಸಿದ ನೀರಿನಲ್ಲಿ ಕಪ್ಪೆಯ ಹೃದಯ ಬಡಿಸುತ್ತಿದ್ದ. ಬಟ್ಟಿ ಇಳಿಸಿದ ನೀರೆಂದು ಅವನು ನಂಬಿದ್ದು ನಿಜವಾಗಿ ನಲ್ಲಿ ನೀರಾಗಿತ್ತು. ಶುದ್ಧ ನೀರು ಬಳಸಿದಾಗ ಹೃದಯ ನಿಂತಿತು. ನಲ್ಲಿ ನೀರಿನ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತೆಂದು 1883ರಲ್ಲಿ ಅವನು ಬರೆದ. ಈ ಕಥೆ ಹೇಳಿದ ದಿನ ನನ್ನ ಕ್ಲಾಸಿನಲ್ಲಿ ಯಾರೂ ಆಕಳಿಸುತ್ತಿರಲಿಲ್ಲ.

ಹೃದಯಕ್ಕಷ್ಟೇ ಅಲ್ಲ, ನರಕ್ಕೂ ಕ್ಯಾಲ್ಸಿಯಂ ಬೇಕು. ನರಕೋಶದ ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ನಮ್ಮ ಮಕ್ಕಳಿಗೆ ಇದನ್ನು ಹೇಳಲು ಕೆರೆಯೇ ಸಾಕು: ಏರಿಯಾಚೆ ತುಂಬಿ ನಿಂತ ನೀರು, ಈಚೆ ಗದ್ದೆ. ತೂಬು ಕ್ಷಣಮಾತ್ರ ತೆರೆದರೆ ಸಂದೇಶ ಮುಂದಿನ ನರಕ್ಕೆ ದಾಟುತ್ತದೆ. ಏರಿ ಒಡೆದರೆ ಗದ್ದೆಯೇ ಇಲ್ಲ. ಒಳಬಂದ ಕ್ಯಾಲ್ಸಿಯಮ್ಮನ್ನು ತಕ್ಷಣ ಹಿಡಿದುಕೊಳ್ಳುವ ನೀರುಗಂಟಿಗಳು ಕೆಲವು ಪ್ರೋಟೀನುಗಳು. ಅವುಗಳಲ್ಲೊಂದಾದ ಕ್ಯಾಲ್ಬಿಂಡಿನ್ ಮೊದಲು ಸಿಕ್ಕಿದ್ದು 1966ರಲ್ಲಿ, ಕೋಳಿಮರಿಯ ಕರುಳಿನಲ್ಲಿ. ಆಮೇಲೆ ಅದೇ ಪ್ರೋಟೀನು ಮೆದುಳಿನ ನರಕೋಶಗಳಲ್ಲೂ ಕಂಡಿತು. ನರಕೋಶಗಳು ಸಾಯುತ್ತಾ ಸ್ನಾಯುಗಳು ಸೋಲುವ ಎಎಲ್‌ಎಸ್ ಕಾಯಿಲೆಯಲ್ಲಿ ಇಂಥ ಪ್ರೋಟೀನು ಕಡಿಮೆಯಿರುವ, ಕೈಕಾಲು ಆಡಿಸುವ ನರಕೋಶಗಳು ಬೇಗ ಸಾಯುತ್ತವೆ. ಹೆಚ್ಚಿರುವ, ಕಣ್ಣು ತಿರುಗಿಸುವ ನರಕೋಶಗಳು ಬಹುಕಾಲ ಉಳಿಯುತ್ತವೆ.

ಫ್ಲೋರೈಡಿನ ದಾರಿ ಬೇರೆ. ನರಕ್ಕಿಂತ ಮೊದಲು ಅದು ಹಿಡಿಯುವುದು ಎಲುಬನ್ನು. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ಹಳ್ಳಿಗರ ಸೆಟೆದ ಬೆನ್ನುಗಳ ಬಗ್ಗೆ ಮದ್ರಾಸಿನ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ಬರೆದರು. ಬೆನ್ನುಮೂಳೆಯ ಕಟ್ಟುಗಳು ಸುಣ್ಣಗಟ್ಟುತ್ತವೆ, ಒಳಗಿನ ಕೊಳವೆ ಕಿರಿದಾಗುತ್ತದೆ, ಹುರಿ ಅದುಮಿಕೊಳ್ಳುತ್ತದೆ. ಅದುಮಿ ಗಾಯಗೊಂಡ ನರಕೋಶಕ್ಕೆ ಕ್ಯಾಲ್ಸಿಯಂ ನುಗ್ಗಿದರೆ ಯಾವ ಪ್ರೋಟೀನೂ ತಡೆಯಲಾರದು. ಕೋಶದ ಕಿಣ್ವಗಳೇ ಕೋಶವನ್ನು ತಿನ್ನತೊಡಗುತ್ತವೆ.

ನಮ್ಮ ಶಾಲೆಯ ಪಕ್ಕದ ತೋಪಿನಲ್ಲಿ ಮಾವು ಇಳಿಸುತ್ತಿದ್ದ ಹಿರಿಯರೊಬ್ಬರು ಕೊನೆಕೊನೆಗೆ ಕತ್ತೆತ್ತಿ ಕೊಂಬೆ ನೋಡಲಾರದಾದರು. ಕೂಗಿದರೆ ಇಡೀ ಮೈ ತಿರುಗಿಸಿ ‘ಏನ್ ಸಾರ್?’ ಅನ್ನುತ್ತಿದ್ದರು. ಗದ್ದ ಎದೆಗೆ ಮುಟ್ಟಿಸಿ ಎಂದರೆ ಅರ್ಧದಲ್ಲೇ ನಿಲ್ಲುತ್ತಿತ್ತು. ವಯಸ್ಸಾಯಿತು, ವಾಯು ಎಂದೇ ಮನೆಯವರ ತೀರ್ಮಾನ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೆರೆ ತುಂಬಿಸುವ ಯೋಜನೆ ಅದು. ಮೂರನೇ ಹಂತವೂ ಬೇಕೆಂಬ ಹೋರಾಟಗಾರರ ಬೇಡಿಕೆ ನ್ಯಾಯವಾದದ್ದು. ಆದರೂ ಕೆರೆಯಲ್ಲಿ ನೀರು ನಿಲ್ಲಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಮೇಲಿನ ನೀರು ಇಂಗದೆ ಕೆಳಗಿನ ಫ್ಲೋರೈಡ್ ತಿಳಿಯಾಗುವುದಿಲ್ಲ.

ಈಗ ಊರೂರಿಗೂ ಶುದ್ಧ ನೀರಿನ ಘಟಕವಿದೆ. ಕೆಟ್ಟು ನಿಂತಾಗ ಜನ ಮತ್ತೆ ಬೋರ್‌ವೆಲ್ ನಲ್ಲಿಗೇ ಬಿಂದಿಗೆ ಹಿಡಿಯುತ್ತಾರೆ, ನೀರು ಸಿಹಿಯಾಗಿದೆಯಲ್ಲ ಎನ್ನುತ್ತಾರೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದಿಲ್ಲ, ಕೈಲಿ ಹಿಡಿದು ತೋರಿಸುವ ಟಿಡಿಎಸ್ ಮೀಟರಿಗೂ ಅದು ಪ್ರತ್ಯೇಕವಾಗಿ ಕಾಣುವುದಿಲ್ಲ. ನಿಮ್ಮ ಊರಿನ ಬೋರ್‌ವೆಲ್‌ನ ಫ್ಲೋರೈಡ್ ಪರೀಕ್ಷೆಯ ವರದಿಯನ್ನು ಪಂಚಾಯಿತಿಯಲ್ಲಿ ಕೇಳಿ ನೋಡಿ.